ನೀಲಿಯಾದ ಅಲಗು

ಮಲ್ಲೇಶಪ್ಪ ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟವರೇ ಅಡುಗೆಮನೆಗೆ ನುಗ್ಗುತ್ತಿದ್ದರು. ಚಾಕು ಎತ್ತಿ, ಅಲಗಿಗೆ ಉಗುರು ಆನಿಸಿ, "ಇದರಿಂದ ಬೆಣ್ಣಿ ಹಚ್ಚಿಕೋರಿ, ಕಾಯಿಪಲ್ಲೆ ಹೆಚ್ಚಬ್ಯಾಡ್ರಿ" ಎಂದು ಗದರಿಸುತ್ತಿದ್ದರು. ನಾವು ವರ್ಗವಾಗಿ ನಾಗಪುರದ ಪ್ರತಾಪ ನಗರಕ್ಕೆ ಬಂದ ಹೊಸದರಲ್ಲಿ ನನ್ನ ಹೆಂಡತಿಗೂ ಈ ಬೈಗುಳ ಸಿಕ್ಕಿತು. ಬೆನ್ನಿಗೇ ಅವರು ಮಾಡಿದ ಚಾಕೂ ಸಿಕ್ಕಿತು.

ಗೋಕಾಕದ ಕಡೆಯವರು. ಸರ್ಕಾರಿ ಕಾರ್ಖಾನೆಯಲ್ಲಿ ಉಕ್ಕಿಗೆ ಹದ ಹಾಕಿ ನಿವೃತ್ತರಾದ ಮೇಲೆ ನಾಗಪುರದ ಹಳೇ ಪೇಟೆಯಾದ ಮಹಾಲ್‌ನ ಗಲ್ಲಿಯಲ್ಲಿ ಕುಲುಮೆ ಇಟ್ಟಿದ್ದರು. ಹೋದವರಿಗೆಲ್ಲ ಪಾಠ ತಪ್ಪುತ್ತಿರಲಿಲ್ಲ. "ಕಾಸೂಕಿಂತ ಮೊದಲ ಪೂರ್ತಿ ತೆಳ್ಳಗ ತಿಕ್ಕಿದ್ರ ಎಣ್ಣಿಯಾಗ ಅದ್ದಿದಾಗ ಸೊಟ್ಟ ಆಗತೈತಿ. ಸ್ವಲ್ಪ ದಪ್ಪ ಬಿಡಬೇಕು. ಹದ ಆದಮ್ಯಾಲೆ ನೀರಾಗ ಅದ್ದಿ ಅದ್ದಿ ಸಾಣಿ ಹಿಡೀಬೇಕು. ಜಲ್ದಿ ಮಾಡಿದ್ರೋ, ಬಿಸಿ ಏರಿ ಅಲಗು ನೀಲಿ. ನೀಲಿ ಆತಂದ್ರ ಹದ ಸತ್ತಂಗ!"

ಅವರ ಚಾಕು ಮಾರುತ್ತಿದ್ದವನು ಅದೇ ಗಲ್ಲಿಯ ವಿನೋದ. ಮಲ್ಲೇಶಪ್ಪನವರಿಗೆ ಕಣ್ಣಿನ ಆಪರೇಷನ್ ಆದಾಗ, ಹದವಾದ ಅಲಗುಗಳನ್ನು ಒಯ್ದು ತಾನೇ ನೀರಿನಲ್ಲಿ ಸಾಣೆ ಹಿಡಿಸುತ್ತೇನೆಂದು ಮಾತು ಕೊಟ್ಟ. ಅವನ ಮಾತಿಗಿಷ್ಟು ಬೆಂಕಿ ಹಾಕ! ನೀರಿಲ್ಲದ ಒಣ ಸಾಣೆಯಂತ್ರಕ್ಕೆ ಕೊಟ್ಟು ಸರಸರ ತಿಕ್ಕಿಸಿದ. ನೀಲಿಯಾದದ್ದನ್ನು ಪಾಲಿಶ್ ಹೊಡೆದು ಮುಚ್ಚಿದ. ಮೇಲೆ ಮಲ್ಲೇಶಪ್ಪನವರ ಮುದ್ರೆ.

ನಮ್ಮ ಓಣಿಯಲ್ಲಿ ಅಡುಗೆ ಮಾಡಿಕೊಡುತ್ತಿದ್ದ ಸುಶೀಲಾಬಾಯಿ ಅಂಥದೊಂದು ಚಾಕುವಿನಿಂದ ಕುಂಬಳಕಾಯಿ ಹೋಳು ಮಾಡುತ್ತಿದ್ದಳು. ಗಟ್ಟಿ ಸಿಪ್ಪೆಗೆ ಅಲಗಿನ ಬಾಯಿ ಮಡಚಿ, ಚಾಕು ಜಾರಿ, ಎಡಗೈಗೆ ಇಳಿಯಿತು. ಅವಳ ಎರಡು ಬೆರಳು ಇವತ್ತಿಗೂ ಬಾಗುವುದಿಲ್ಲ. ಅವಳು ಕೆಲಸಕ್ಕಿದ್ದ ಮನೆಗಳೆಲ್ಲ ಬೇರೆಯವರನ್ನು ಇಟ್ಟುಕೊಂಡವು.

ಆ ಚಾಕುವಿನ ಹಿಡಿಯ ಸಂದಿಯಲ್ಲಿ, ಪಾಲಿಶ್ ಮುಟ್ಟದ ಕಡೆ, ನೀಲಿ ಗೆರೆ ಕಂಡದ್ದೇ ಮಲ್ಲೇಶಪ್ಪ ವಿನೋದನ ಅಂಗಡಿಗೆಂದು ನನ್ನ ಸ್ಕೂಟರ್ ಹತ್ತಿದರು.

"ಕಾಕಾಜೀ, ಗಿರಾಕಿಗೆ ಬೇಕಾಗಿರೋದು ಚಮಕ್," ಎಂದ ವಿನೋದ, ಹಿಂದಿಯಲ್ಲಿ, ನಗುತ್ತ. "ಅಲ್ಲದೆ ಮುದ್ರೆ ಯಾರದು? ನಿಮ್ಮದೇ ಅಲ್ಲವೇ?"

"ಆಕೀ ಕೈ ನೋಡೀಯೇನಲೇ!" ಎಂದು ಮಲ್ಲೇಶಪ್ಪ ಕನ್ನಡದಲ್ಲೇ ಗುಡುಗಿದರು. ಅಂಗಡಿಯ ಚಾಕುಗಳನ್ನು ಹೊರಗೆಳೆದು, ಒಂದೊಂದರ ಬಾಯನ್ನೂ ಕಲ್ಲಿನ ಮೆಟ್ಟಿಲಿಗೆ ಒತ್ತಿ ಮಡಚಿ ಜನರಿಗೆ ತೋರಿಸಿದರು. ಜನ ಮೊಬೈಲಿನಲ್ಲಿ ವೀಡಿಯೊ ಮಾಡಿಕೊಂಡರು. ಒಬ್ಬನಾದರೂ ವಿನೋದನನ್ನು ಕೇಳಲಿಲ್ಲ. ಪೊಲೀಸರು ಬಂದು ಸಂಜೆಯವರೆಗೆ ಕೂರಿಸಿದ್ದು ಯಾರನ್ನು? ಮಲ್ಲೇಶಪ್ಪನವರನ್ನು! ಕ್ಷಮೆ ಕೇಳಿದರೆ ಬಿಡುತ್ತೇವೆ ಎಂದರು. "ಕೇಳಂಗಿಲ್ಲ. ಬೇಕಾದ್ರ ಇಲ್ಲೇ ಹಾಸಿಗಿ ಹಾಕ್ರಿ" ಎಂದರು ಮಲ್ಲೇಶಪ್ಪ. ಕೊನೆಗೆ ಬೇಸತ್ತು ಪೊಲೀಸರೇ ಕಳಿಸಿದರು. ಆಮೇಲೆ ಮಲ್ಲೇಶಪ್ಪ ಕುಲುಮೆ ಹೊತ್ತಿಸಲಿಲ್ಲ.

ಈ ಮಳೆಗಾಲದಲ್ಲಿ ಅವರು ತೀರಿಕೊಂಡಾಗ ವಿನೋದ ದೊಡ್ಡ ಹಾರ ಹಿಡಿದು ಬಂದ. ಮಲ್ಲೇಶಪ್ಪನವರ ಮಗಳು ಗಿರಿಜಾಳ ಹತ್ತಿರ ಮೆಲ್ಲಗೆ, "ಕಾಕಾಜಿಯ ಒಂದು ಫೋಟೋ ಕೊಡಿ, ಚಾಕುವಿನ ಡಬ್ಬಿಯ ಮೇಲೆ ಹಾಕಿಸುತ್ತೇನೆ" ಎಂದ.

ಗಿರಿಜಾ ಪಕ್ಕದಲ್ಲಿ ಕೂತಿದ್ದ ಸುಶೀಲಾಬಾಯಿಯ ಎಡಗೈ ಹಿಡಿದು ಅವನ ಮುಖದ ಮುಂದೆ ಎತ್ತಿದಳು.

"ಇದರ ಫೋಟೋ ತಗೊಂಡು ಹಾಕ್ಸು," ಎಂದಳು.

ವಿನೋದ ಹಾರವನ್ನು ಕುರ್ಚಿಯ ಮೇಲಿಟ್ಟು ಹೊರಟುಹೋದ. ನಾವು ಅದನ್ನು ಮಲ್ಲೇಶಪ್ಪನವರ ಮೈಗೆ ತಾಗಿಸಲಿಲ್ಲ.