ಒಲೆ ಬಿಟ್ಟು ಶಿಶುವಿಹಾರ ಸೇರಿದ ಸಾಯ್ರಕಾನ್

ಮದುವೆಯಾಗಿ ಆ ಕಣಿವೆಯ ಊರಿಗೆ ಬಂದ ಮಾರನೆಯ ಬೆಳಗ್ಗೆಯೇ ಸಾಯ್ರಕಾನ್‌ಳ ಅತ್ತೆ ಅವಳ ಕೈಗೆ ಬೂದಿ ಬಾಚುವ ಸಲಿಕೆ ಕೊಟ್ಟಿದ್ದಳು. ಅಂದಿನಿಂದ ಬೆಳಕು ಹರಿಯುವ ಮೊದಲೇ ಎದ್ದು ಒಲೆ ಹೊತ್ತಿಸುವುದು ಅವಳ ಪಾಲಿನ ಕೆಲಸವಾಯಿತು. ಅತ್ತೆ ತೀರಿಕೊಂಡಳು, ಮಗಳು ಮದುವೆಯಾಗಿ ನರಿನ್ ಪಟ್ಟಣ ಸೇರಿದಳು, ಒಲೆ ಮಾತ್ರ ಅವಳನ್ನು ಬಿಡಲಿಲ್ಲ. ಸಾಲದ್ದಕ್ಕೆ ಊರಿನ ಶಿಶುವಿಹಾರದ ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವ ನೌಕರಿಯೂ ಸಿಕ್ಕಿತು. ಮನೆಯದನ್ನು ಹೊತ್ತಿಸಿ, ಹಿಮ ತುಳಿದುಕೊಂಡು ಹೋಗಿ ಅಲ್ಲಿಯದನ್ನೂ ಹೊತ್ತಿಸಿ, ಮಕ್ಕಳು ಬರುವಷ್ಟರಲ್ಲಿ ಕೋಣೆಗಳನ್ನು ಬೆಚ್ಚಗೆ ಮಾಡಬೇಕು. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಅವಳ ಉಗುರುಸಂದಿಯ ಕಪ್ಪು ಹೋಗುತ್ತಿರಲಿಲ್ಲ.

ಗಂಡ ರಿಸ್ಕೆಲ್ದಿ ಗಣಿಯಿಂದ ಕಣಿವೆಯ ಊರುಗಳಿಗೆ ಕಲ್ಲಿದ್ದಲು ಲಾರಿ ಹೊಡೆಯುತ್ತಿದ್ದವನು. ಅವನು ದುಡಿಯುವಷ್ಟು ಕಾಲ ಮನೆಗೆ ಕಲ್ಲಿದ್ದಲಿನ ಬರ ಇರಲಿಲ್ಲ. ಶ್ವಾಸಕೋಶ ಕೈಕೊಟ್ಟ ಮೇಲೆ ಲಾರಿ ಅಂಗಳದಲ್ಲಿ ನಿಂತಿತು, ಎಲ್ಲರಂತೆ ಅವರೂ ಕೊಳ್ಳಬೇಕಾಯಿತು. ಪ್ರತಿ ಶರತ್ಕಾಲಕ್ಕೂ ಬೆಲೆ ಏರುತ್ತಿತ್ತು, ಮೂಟೆಯಲ್ಲಿ ಕಲ್ಲಿದ್ದಲು ಕಡಿಮೆಯಾಗಿ ಪುಡಿ ಹೆಚ್ಚುತ್ತಿತ್ತು. ಆ ಪುಡಿಗೆ ಕುರಿ ಹಿಕ್ಕೆ ಕಲಸಿ ಸಾಯ್ರಕಾನ್ ಉಂಡೆ ಕಟ್ಟಿ ಒಣಗಿಸುತ್ತಿದ್ದಳು. ಕೊನೆಗೆ ದೊಡ್ಡ ಕೋಣೆಯ ಬಾಗಿಲಿಗೆ ಕಂಬಳಿ ಹೊಡೆದು ಮುಚ್ಚಿ, ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಚಳಿಗಾಲ ಕಳೆಯತೊಡಗಿದರು.

ಅಷ್ಟರಲ್ಲಿ ಶಿಶುವಿಹಾರಕ್ಕೆ ಹೊಸ ವ್ಯವಸ್ಥೆ ಬಂತು. ಅಂಗಳ ಅಗೆದು ಕೊಳವೆ ಹೂತರು, ಮಾಡಿನ ಮೇಲೆ ಸೋಲಾರ್ ಹಲಗೆ ಕೂರಿಸಿದರು, ನೆಲದಾಳದ ಬಿಸಿಯನ್ನು ಮೇಲಕ್ಕೆಳೆಯುವ ಯಂತ್ರವೊಂದನ್ನು ಒಳಗಿಟ್ಟರು. ಇನ್ನು ಬಾಯ್ಲರ್ ಬೇಡ ಎಂದು ಹೇಳುವಾಗ ಮುಖ್ಯಸ್ಥೆ ಗುಲ್ಸುನ್‌ಗೆ ಮುಜುಗರ. ಇಷ್ಟು ವರ್ಷ ದುಡಿದವಳು, ಅತ್ತುಬಿಟ್ಟಾಳು ಎಂದುಕೊಂಡಿದ್ದಳು. ಸಾಯ್ರಕಾನ್ ಬಾಯ್ಲರ್ ಕೋಣೆ ಗುಡಿಸಿ, ಬೀಗ ಹಾಕಿ, ಕೀಲಿ ಕೊಟ್ಟು ಮನೆಗೆ ಬಂದು ಮಧ್ಯಾಹ್ನದವರೆಗೆ ಮಲಗಿದಳು. ಅವಳಿಗೆ ಅಳು ಬಂದಿರಲಿಲ್ಲ, ನಿದ್ದೆ ಬಂದಿತ್ತು. ಮುಂದೆ ಅವಳಿಗೆ ಅಲ್ಲೇ ಕಾವಲಿನ ಕೆಲಸ ಕೊಟ್ಟರು.

ಮನೆಗಳಿಗೂ ಅಂಥದೇ ಸಣ್ಣ ಯಂತ್ರ, ಸೋಲಾರ್ ಹಲಗೆ ಹಾಕಿಸಿಕೊಳ್ಳಲು ಆ ವರ್ಷ ಕಡಿಮೆ ಬಡ್ಡಿಯ ಸಾಲ ಸಿಗುತ್ತಿತ್ತು. ಮನೆ ರಿಸ್ಕೆಲ್ದಿಯ ಹೆಸರಿನಲ್ಲಿತ್ತು. ಅವನು ಸಹಿ ಹಾಕಲೊಲ್ಲ. ಕರೆಂಟು ನಂಬಿ ಕೂತವನು ಹೆಪ್ಪುಗಟ್ಟಿ ಸಾಯುತ್ತಾನೆ ಎಂಬುದು ಅವನ ವಾದ.

"ನಾನು ಸತ್ಮೇಲೆ ಹಾಕಿಸ್ಕೋ. ಇಷ್ಟು ದಿನ ನಮ್ಮನ್ನ ಸಾಕಿದ್ದು ಕಲ್ಲಿದ್ದಲು."

"ಲಾರಿ ಹೊಡೆದೋರು ನೀವು. ಬೂದಿ ಬಾಚಿದೋಳು ನಾನು," ಎಂದಳು ಅವಳು.

ಸಾಲದ ಕಾಗದ ಸಹಿಯಿಲ್ಲದೆ ಹಾಗೇ ಉಳಿಯಿತು. ಜನವರಿಯಲ್ಲಿ ಚಳಿ ಕಚ್ಚಿತು. ಒಂದು ಬೆಳಗ್ಗೆ ಉಂಡೆಗಳು ತೇವ ಹಿಡಿದಿದ್ದವು, ಎಷ್ಟು ಕಡ್ಡಿ ಗೀರಿದರೂ ಹೊಗೆಯಲ್ಲದೆ ಬೆಂಕಿ ಬರಲಿಲ್ಲ. ಹಿಂದೆ ಹಾಸಿಗೆಯಲ್ಲಿ ಗಂಡ ಕೆಮ್ಮುತ್ತ, ಗಾಳಿ ಕಿಂಡಿ ತೆರೆ, ಹಾಗಲ್ಲ, ಹೀಗೆ ಎಂದು ಹೇಳಿಕೊಡುತ್ತಿದ್ದ. ಸಾಯ್ರಕಾನ್ ಕಡ್ಡಿಪೆಟ್ಟಿಗೆಯನ್ನು ಒಲೆಯ ಮೇಲಿಟ್ಟಳು. ಅವಳಿಗೆ ಸಿಟ್ಟೂ ಬರಲಿಲ್ಲ. ಎದ್ದು ತನ್ನ ಹಾಸಿಗೆ, ಎರಡು ರಜಾಯಿ ಸುತ್ತಿ ಹಗ್ಗ ಕಟ್ಟಿದಳು.

"ಚಹಾ ಫ್ಲಾಸ್ಕಲ್ಲಿದೆ. ಒಲೆ ನೀವೇ ಹಚ್ಕೊಳ್ಳಿ. ನಂಗೆ ಸಾಕಾಯ್ತು ರೀ."

ಹೀಗೆ ಅವಳು ಶಿಶುವಿಹಾರದ ಬಟ್ಟೆ ಒಗೆಯುವ ಕೋಣೆಯಲ್ಲಿ ಹಾಸಿಗೆ ಹಾಸಿದಳು. ಗುಲ್ಸುನ್ ನೋಡಿಯೂ ನೋಡದಂತಿದ್ದಳು. ಊರು ಸುಮ್ಮನಿದ್ದೀತೇ? ಅಂಗಡಿಯಲ್ಲಿ ನೆರೆಮನೆಯ ಬಾತ್ಮಕಾನ್ ಎಲ್ಲರೆದುರೇ ಕೇಳಿದಳು.

"ಏನೇ ಸಾಯ್ರಾ, ಗಂಡನ್ನ ಬಿಟ್ಟು ಮಿಷಿನ್ ಕಟ್ಕೊಂಡ್ಯಂತೆ?"

"ಅದು ಗೊಣಗಲ್ಲ ಕಣೇ, ಬೆಳಗ್ಗೆ ಎಬ್ಬಿಸೋದೂ ಇಲ್ಲ. ನೀನೂ ಬಾ, ಜಾಗ ಇದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವಳು ನಗಲಿಲ್ಲ. ದಿನಾ ರೊಟ್ಟಿ, ಸಾರು ಮಾಡಿ ಬಾತ್ಮಕಾನ್ ಕೈಯಲ್ಲೇ ಗಂಡನಿಗೆ ಕಳಿಸುತ್ತಿದ್ದಳು. ಬೆಳಗ್ಗೆ ಶಿಶುವಿಹಾರದ ಬೇಲಿಯ ಬಳಿ ನಿಂತು ತನ್ನ ಮನೆಯ ಹೊಗೆಕೊಳವೆ ನೋಡುತ್ತಿದ್ದಳು. ಹೊಗೆ ತಡವಾಗಿ, ತೆಳ್ಳಗೆ ಏಳುತ್ತಿತ್ತು. ಅಷ್ಟು ಸಾಕೆಂದು ಒಳಗೆ ಹೋಗುತ್ತಿದ್ದಳು.

ಒಂದು ದಿನ ಹೊಗೆ ಏಳಲೇ ಇಲ್ಲ. ಬಾತ್ಮಕಾನ್‌ಳನ್ನು ಕಳಿಸಿದಳು. ಮುದುಕ ಚೆನ್ನಾಗೇ ಇದ್ದಾನೆ, ಕೋಟು ಹೊದ್ದು ಕೂತಿದ್ದಾನೆ, ಮಾತಾಡುತ್ತಿಲ್ಲ ಎಂದು ಸುದ್ದಿ ಬಂತು. ಸಾಯಂಕಾಲ ಮಕ್ಕಳು ಮನೆಗೆ ಹೋದ ಮೇಲೆ ರಿಸ್ಕೆಲ್ದಿಯೇ ಬಂದ. ದೊಡ್ಡವರ ಕುರ್ಚಿ ಅಲ್ಲಿರಲಿಲ್ಲ. ಮಕ್ಕಳ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತ. ಅವಳು ಚಹಾ ಕೊಟ್ಟಳು. ಮೊದಲು ಟೋಪಿ ತೆಗೆದ, ಸ್ವಲ್ಪ ಹೊತ್ತಿಗೆ ಕೋಟೂ ಬಿಚ್ಚಿದ. ಕೈ ಚಾಚಿ ಗೋಡೆಯ ಬಿಸಿನೀರಿನ ಕೊಳವೆ ಮುಟ್ಟಿ ನೋಡಿದ.

"ಇವತ್ತು ಬೂದಿ ಬಕೆಟ್ ಎತ್ತಕ್ಕಾಗ್ಲಿಲ್ಲ ಸಾಯ್ರಾ. ಉಸಿರು ಕಟ್ಟಿ ಅಂಗಳದಲ್ಲೇ ಕೂತ್ಬಿಟ್ಟೆ," ಎಂದ. ಬಳಿಕ, "ನೀನು ದಿನಾ ಎಷ್ಟು ಸಲ ಎತ್ತುತ್ತಿದ್ದೆ?"

"ಯಾರು ಎಣಿಸಿದಾರೆ?"

ಅವನು ಎರಡು ಗುಟುಕು ಚಹಾ ಕುಡಿದ. ಕೂತಲ್ಲೇ ಅವನ ತಲೆ ಎದೆಗೆ ಬಾಗಿತು. ನಿದ್ದೆಯಲ್ಲಿ ಅವನು ಕೆಮ್ಮಲಿಲ್ಲ. ಸಾಯ್ರಕಾನ್ ಅವನ ಕೈಯಿಂದ ಚಹಾದ ಬಟ್ಟಲು ತೆಗೆದಿಟ್ಟು, ಎಷ್ಟೋ ಹೊತ್ತು ಎದುರಿಗೆ ಕೂತಿದ್ದಳು. ಗೆದ್ದೆ ಎಂದು ಅವಳಿಗೆ ಅನ್ನಿಸಲಿಲ್ಲ. ಈ ಮನುಷ್ಯ ಎಷ್ಟು ಸಣ್ಣಗಾಗಿದ್ದಾನೆ ಅನ್ನಿಸಿತು.

ವಸಂತದಲ್ಲಿ ಅವನು ಸಹಿ ಹಾಕಿದ, ಅವಳು ಹಾಸಿಗೆ ಸುತ್ತಿಕೊಂಡು ಮನೆಗೆ ಮರಳಿದಳು. ಸಾಲದ ಹಣ ಸಾಕಾಗದೆ ಲಾರಿಯನ್ನು ಗುಜರಿಯವನಿಗೆ ಮಾರಬೇಕಾಯಿತು. ಅದನ್ನು ಎಳೆದೊಯ್ಯುವಾಗ ರಿಸ್ಕೆಲ್ದಿ ಹೊರಗೆ ಬರಲಿಲ್ಲ, ಆ ದಿನ ಊಟವನ್ನೂ ಮಾಡಲಿಲ್ಲ. ಸಾಯ್ರಕಾನ್ ಒತ್ತಾಯಿಸಲಿಲ್ಲ.

ಮುಂದಿನ ಚಳಿಗಾಲದ ಹೊತ್ತಿಗೆ ಮನೆಗೆ ಯಂತ್ರ ಬಂತು, ದೊಡ್ಡ ಕೋಣೆಯ ಬಾಗಿಲಿನ ಕಂಬಳಿ ಬಿಚ್ಚಿದರು. ಮಗಳು ಕೂಸಿನೊಂದಿಗೆ ಬಂದು ವಾರ ಇದ್ದು ಹೋದಳು. ಹಾಗೆಂದು ದಣಿವು ಮುಗಿಯಲಿಲ್ಲ. ಹಿಮ ಬಿದ್ದಾಗಲೆಲ್ಲ ಸಾಯ್ರಕಾನ್ ಏಣಿ ಹತ್ತಿ ಮಾಡಿನ ಹಲಗೆ ಗುಡಿಸಬೇಕು, ತಿಂಗಳಾದರೆ ಸಾಲದ ಕಂತು ಕಟ್ಟಬೇಕು. ಜಲಾಶಯದಲ್ಲಿ ನೀರು ಇಳಿದಿದೆಯೆಂದು ಸಂಜೆ ಹೊತ್ತು ಕರೆಂಟು ತೆಗೆಯುತ್ತಿದ್ದರು. ಅಂಥ ದಿನಗಳಿಗೆಂದು ಒಲೆಯನ್ನು ಕಿತ್ತಿರಲಿಲ್ಲ.

ಮೊದಲ ಸಲ ಕರೆಂಟು ಹೋದ ಸಂಜೆ ಯಂತ್ರದ ಸದ್ದು ನಿಂತಿತು. ರಿಸ್ಕೆಲ್ದಿ ಕತ್ತಲಲ್ಲಿ ಗಂಟಲು ಸರಿಮಾಡಿಕೊಂಡ.

"ನಾನು ಹೇಳಿದ್ನಾ ಇಲ್ವಾ?"

"ಹೇಳಿದ್ರಿ," ಎಂದಳು ಸಾಯ್ರಕಾನ್, ರಜಾಯಿಯನ್ನು ಕಿವಿಯವರೆಗೆ ಎಳೆದುಕೊಳ್ಳುತ್ತ. "ಕಡ್ಡಿಪೆಟ್ಟಿಗೆ ಕಿಟಕಿ ಮೇಲಿದೆ."

ಅವನು ಗೊಣಗಿಕೊಂಡೇ ಎದ್ದು ತಡಕಾಡುತ್ತ ಹೋದ. ಅವಳು ಕಣ್ಣು ಮುಚ್ಚಿದಳು.