ಹೆಪ್ಪುಗಟ್ಟದ ರಕ್ತ

ಎಪ್ಪತ್ತರ ದಶಕದ ಒಂದು ಬೆಳಿಗ್ಗೆ ಯಳವಿಯ ನಮ್ಮ ಹೊಲದಲ್ಲಿ ಜೋಳದ ಒಣದಂಟಿನ ಕಣಕಿ ಎತ್ತುತ್ತಿದ್ದ ಅಕ್ಕನ ಕೈಗೆ ಕೊಳಕುಮಂಡಲ ಹಾವು ಕಚ್ಚಿತು. ಜತ್ತಿನ ದವಾಖಾನೆ ಮುಟ್ಟುವಷ್ಟರಲ್ಲಿ ಅವಳ ವಸಡಿನಿಂದ ರಕ್ತ ಜಿನುಗುತ್ತಿತ್ತು. ಡಾಕ್ಟರು ಅವಳ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿಟ್ಟರು. ಬಹಳ ಹೊತ್ತಾದರೂ ಅದು ನೀರಿನಂತೆಯೇ ಇತ್ತು.

"ಹೆಪ್ಪುಗಟ್ಟೂ ಶಕ್ತಿನ ವಿಷ ತಿಂದ ಹಾಕೇದ," ಎಂದು ಅವರು ಮದ್ದಿನ ಸೂಜಿ ಚುಚ್ಚಿದರು.

ನಾನು ಮಂಚಕ್ಕೂ ಬಾಗಿಲಿಗೂ ಅಲೆಯುತ್ತಿದ್ದೆ.

"ಒಂದ ಕಡೆ ಕುಂದ್ರ. ನಿನ್ನ ನೋಡಿದ್ರ ನನಗ ಅಂಜಿಕಿ ಬರ್ತದ," ಎಂದಳು ಅಕ್ಕ. ಕುಳಿತೆ, ಮತ್ತೆ ಎದ್ದೆ.

ಸಂಜೆ ಡಾಕ್ಟರು ಮತ್ತೆ ರಕ್ತ ತೆಗೆದಿಟ್ಟು, ಸ್ವಲ್ಪ ಹೊತ್ತು ಕಾದು, ನಳಿಗೆಯನ್ನು ಬೋರಲು ಹಿಡಿದರು. ಒಂದು ಹನಿಯೂ ಬೀಳಲಿಲ್ಲ.

"ಗಟ್ಟಿಯಾಗೇದ ನೋಡ್ರಿ. ನಿಮ್ಮಕ್ಕ ಉಳದ್ರು."

ಅಕ್ಕ ಚಹಾ ಕೇಳಿದಳು. ನಾನು ಓಡೋಡಿ ತರುವಾಗ ಅರ್ಧ ಚೆಲ್ಲಿಹೋಯಿತು.