ಬಟ್ಟೆ ಮುಟ್ಟದ ಇಲಿ

ನಲವತ್ತು ದಾಟುವವರೆಗೆ ನಾನು ಹಿಡಿದದ್ದೆಂದರೆ ಬಸ್ಸು ಮಾತ್ರ, ಅದೂ ನಿಂತಿದ್ದರೆ. ಪ್ರಾಣಿ ಹಿಡಿಯುವ ಯೋಗ ನನ್ನ ಜಾತಕದಲ್ಲಿ ಇರಲಿಲ್ಲ. ಹಲಗೇರಿ ಕಡೆಯ ಹೊಲಗಳಲ್ಲಿ ಮೊಲಕ್ಕೆ ಉರುಲು ಹಾಕುವವರನ್ನು ಕಂಡರೆ, ಮಾಸ್ತರಿಕೆಯ ಚಟಕ್ಕೆ ನಾಲ್ಕು ಬುದ್ಧಿಮಾತು ಹೇಳಿ ಸೈಕಲ್ ತುಳಿಯುತ್ತಿದ್ದವನು ನಾನು. ಅಂಥವನು ಒಂದು ದಿನ ರಾಣೆಬೆನ್ನೂರಿನ ಅಂಗಡಿಗಳನ್ನು ಬಿಟ್ಟು ಬ್ಯಾಡಗಿಗೆ ಹೋಗಿ, ಕಬ್ಬಿಣದ ಸಾಮಾನಿನ ಅಂಗಡಿಯೊಂದರ ಮುಂದೆ ನಿಂತು, ಬೋನು ಕೊಡಿ ಎಂದೆ. ಮೆಣಸಿನಕಾಯಿ ಗೋದಾಮುಗಳ ಊರು ಅದು. ದಿನಬೆಳಗಾದರೆ ಚೀಲ ಕಡಿಸಿಕೊಳ್ಳುವ ಊರಿನಲ್ಲಿ ಬೋನುಗಳೂ ಗಟ್ಟಿ ಇರುತ್ತವೆಂಬುದು ನನ್ನ ತರ್ಕ.

ಅಂಗಡಿಯ ಯಜಮಾನರು ಹೊಸ ಮೊಬೈಲನ್ನು ಕಿವಿಯಿಂದ ಇಳಿಸಿ ನನ್ನ ಜೇಬಿನ ಕೆಂಪು ಪೆನ್ನು ನೋಡಿದರು.

"ಏನ್ ಹಿಡೀಬೇಕಂತ ಮಾಡೀರಿ ಮಾಸ್ತರ?"

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. ಬೋನಿಗೆ ಬಿದ್ದದ್ದು ಬೀಳುತ್ತದೆ ಎಂದುಕೊಂಡಿದ್ದೆ. ಹಾಗಲ್ಲವಂತೆ. ಇಲಿಗೆ ಒಂದು ಅಳತೆ, ಹೆಗ್ಗಣಕ್ಕೆ ಇನ್ನೊಂದು. ಸೊಂಡಿಲಿಗೆ ಬೋನು ಬೇಡ, ಅದು ಹುಳ ತಿನ್ನುವ ಬಡಪಾಯಿ. ಮುಂಗುಸಿಯ ಮಾತು ತೆಗೆದರೆ ಕಾಯ್ದೆ ಬರುತ್ತದೆ.

"ಹೊಸಬ್ರು ಹೆಗ್ಗಣಕ್ಕ ಕೈ ಹಾಕಬಾರದ್ರಿ. ಸಣ್ಣದರಿಂದ ಸುರು ಮಾಡ್ರಿ, ರೂಢಿ ಆಗತೈತಿ" ಎಂದರು. ಅಕ್ಷರಾಭ್ಯಾಸದ ಕ್ರಮವನ್ನೇ ಹೇಳಿದಂತಿತ್ತು. ಆದರೆ ನನಗೆ ಬೇಕಾಗಿದ್ದದ್ದು ಸಣ್ಣದೂ ಅಲ್ಲ, ದೊಡ್ಡದೂ ಅಲ್ಲ. ನನ್ನ ಅಣ್ಣನ ಕಾಲು ಕಡಿದದ್ದು ಬೇಕಾಗಿತ್ತು.

ಅಣ್ಣ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ರೆಡಿಮೇಡ್ ಅಂಗಡಿಗಳು ಬಂದು ಅಂಗಿ-ಪ್ಯಾಂಟಿನ ಗಿರಾಕಿಗಳನ್ನು ಕೊಂಡೊಯ್ದ ಮೇಲೆ ಶಾಲೆಯ ಸಮವಸ್ತ್ರ ಮತ್ತು ಹೆಂಗಸರ ಕುಪ್ಪಸ ಉಳಿದಿದ್ದವು. ಜನರ ಬಟ್ಟೆ ಕಾಯಬೇಕೆಂದು ರಾತ್ರಿ ಮಶೀನಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದ. ಒಂದು ಮುಂಜಾನೆ ವೈನಿ, ಅಂದರೆ ಅವನ ಹೆಂಡತಿ, ಚಹಾ ಒಯ್ದಾಗ ಚಾಪೆಯ ಮೇಲೆ ರಕ್ತ ಕಂಡಳು. ಬಲಗಾಲಿನ ಹೆಬ್ಬೆರಳಿನ ತುದಿ ಕಿತ್ತುಹೋಗಿತ್ತು. ಅಣ್ಣ ಇನ್ನೂ ಗಾಢನಿದ್ದೆಯಲ್ಲಿದ್ದ.

ಇಲಿ ಊದಿ ಊದಿ ಕಡಿಯುತ್ತದೆ, ಆದ್ದರಿಂದ ಮಲಗಿದವರಿಗೆ ತಿಳಿಯುವುದಿಲ್ಲ ಎಂದು ನಮ್ಮ ಕಡೆ ಹೇಳುತ್ತಾರೆ. ಹಾವೇರಿಯ ಡಾಕ್ಟರರಿಗೆ ನಾನು ಅದನ್ನೇ ಹೇಳಿದೆ. ಅವರು ಅಣ್ಣನ ಪಾದಕ್ಕೆ ಸೂಜಿ ಚುಚ್ಚಿದರು. ಅಣ್ಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಾ ಕುಳಿತಿದ್ದ.

"ಊದೂ ಕೆಲಸ ಸಕ್ಕರಿ ರೋಗ ಮಾಡಿ ಮುಗಿಸೈತ್ರಿ" ಎಂದರು ಡಾಕ್ಟರು. "ಇಲಿಗೆ ಕಡಿಯೂದಷ್ಟ ಉಳದಿತ್ತು. ಇನ್ನೊಮ್ಮೆ ಕಡಸ್ಕೊಂಡ್ರ ಕಾಲು ಉಳಿಯೂದು ಕಠಿಣ ಐತಿ."

ಕಾಲಿನಿಂದ ತುಳಿಯುವ ಮಶೀನಿನವನಿಗೆ ಹೇಳಿದ ಮಾತು ಅದು. ಮನೆ ಮುಟ್ಟಿದ್ದೇ, ಒಳಗೆ ಬಂದು ಮಂಚದ ಮೇಲೆ ಮಲಗೆಂದು ವೈನಿಯೂ ನಾನೂ ಗೋಗರೆದೆವು. ಗಣೇಶ ಚೌತಿ ಹತ್ತಿರ ಬಂದಿತ್ತು, ಕೋಣೆಯ ತುಂಬ ಬಟ್ಟೆ ಬಿದ್ದಿತ್ತು, ಅಣ್ಣ ಒಪ್ಪಲಿಲ್ಲ. ಪ್ಯಾಂಟಿನ ದಪ್ಪ ಬಟ್ಟೆಯ ತುಂಡುಗಳನ್ನು ಕೂಡಿಸಿ ರಾತ್ರಿ ಹಾಕಿಕೊಳ್ಳಲು ಎರಡು ಕಾಲುಚೀಲ ಹೊಲಿದುಕೊಂಡ. ಊರವರ ಬಟ್ಟೆಗೆ ಎರಡೆರಡು ಹೊಲಿಗೆ ಹಾಕುವವನು ತನ್ನ ಕಾಲುಚೀಲಕ್ಕೆ ಒಂದೇ ಹೊಲಿಗೆ ಎಳೆದ.

ನಾನು ಬ್ಯಾಡಗಿಯ ಬೋನಿನೊಂದಿಗೆ ಬೇಟೆ ಆರಂಭಿಸಿದೆ. ಮೊದಲ ದಿನ ಅಳಿಲು ಬಿತ್ತು. ರಾಮನ ಬೆರಳಿನ ಗುರುತು ಇದ್ದದ್ದನ್ನು ಹಿಡಿದೆನೆಂದು ವೈನಿ ನನ್ನನ್ನೇ ಬೈದು, ಬಾಗಿಲು ತೆಗೆದು ಬಿಟ್ಟಳು. ಆಮೇಲೆ ಸೊಂಡಿಲಿ ಬಿತ್ತು. ಅದರ ವಾಸನೆಗೆ ನಾನು ಬೋನನ್ನೇ ಎಸೆದು ಓಡಿದೆ. ಮಿರ್ಚಿ ಭಜಿ ಇಟ್ಟ ದಿನ ಕೊನೆಗೂ ಒಂದು ಹೆಗ್ಗಣ ಬಂತು. ಹೊಸಬರು ಕೈ ಹಾಕಬಾರದೆಂದಿದ್ದರಲ್ಲ, ಅದೇ.

ಹಿಡಿದ ಮೇಲೆ ಏನು ಮಾಡಬೇಕೆಂದು ಅಂಗಡಿಯವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಹಿತ್ತಲಿನ ನೀರಿನ ಪೀಪಾಯಿಯಲ್ಲಿ ಬೋನನ್ನು ಮುಳುಗಿಸಿದೆ. ಅದರ ತುಪ್ಪಳ ನೀರಿನಲ್ಲಿ ಅರಳಿ, ಪ್ರಾಣಿ ಇನ್ನಷ್ಟು ದೊಡ್ಡದಾಗಿ ಕಂಡಿತು. ಮುಂಗಾಲಿನ ಬೆರಳುಗಳು ತಂತಿಯನ್ನು ಹಿಡಿದೇ ಇದ್ದವು. ಆ ದಿನ ನನಗೆ ಊಟ ಸೇರಲಿಲ್ಲ. ಮುಂದಿನ ಹೆಗ್ಗಣದ ದಿನ ಊಟ ಸೇರಿತು. ರೂಢಿ ಆಗತೈತಿ ಎಂದಿದ್ದರಲ್ಲ, ಖರೆಯೇ ಆಯಿತು, ಅದು ನೆನಪಾದರೆ ಈಗಲೂ ನನಗೆ ನನ್ನ ಮೇಲೇ ಹೇಸಿಗೆ. ಅಣ್ಣನ ಕಾಲು ಕಡಿದದ್ದು ಇದೋ, ಅದೋ, ಇನ್ನೂ ಮೂಲೆಯಲ್ಲಿ ಕುಳಿತಿರುವುದೋ ಹೇಳುವವರು ಯಾರು? ಇಲಿಗಳಲ್ಲಿ ಹಾಜರಿ ಕರೆಯುವ ಪದ್ಧತಿ ಇಲ್ಲ.

ಅಷ್ಟರಲ್ಲಿ ಚೌತಿ ಬಂತು. ಅದರ ಮರುದಿನ ನಮ್ಮ ಕಡೆ ಇಲಿವಾರ. ದರ್ಜಿಗಳು, ನೇಕಾರರು, ಬಟ್ಟೆಯಿಂದ ಹೊಟ್ಟೆ ಹೊರೆಯುವವರು ಅಂದು ಕೆಲಸ ಬಂದ್ ಇಡುತ್ತಾರೆ. ಕತ್ತರಿ ಆಡಿಸುವುದಿಲ್ಲ, ಸೂಜಿ ಮುಟ್ಟುವುದಿಲ್ಲ. ಗಣಪ್ಪನ ವಾಹನಕ್ಕೆ ಕಡಬಿನ ಎಡೆ ಇಟ್ಟು, ವರ್ಷಪೂರ್ತಿ ಬಟ್ಟೆ ಕಡಿಯಬೇಡಪ್ಪ ಎಂದು ಬೇಡಿಕೊಳ್ಳುತ್ತಾರೆ. ಮೂಷಕ ಎಂಬ ಸಂಸ್ಕೃತ ಶಬ್ದಕ್ಕೆ ಕದಿಯುವವನೆಂದೇ ಅರ್ಥ. ಕಳ್ಳನ ಬೆನ್ನ ಮೇಲೆ ದೇವರನ್ನು ಕೂಡಿಸಿದ ನಮ್ಮ ಹಿರಿಯರು ಬುದ್ಧಿವಂತರೆಂದು ನಾನು ತರಗತಿಯಲ್ಲಿ ಹೇಳುವುದುಂಟು. ತರಗತಿಯಲ್ಲಿ ಹೇಳುವುದಕ್ಕೆ ಚೆನ್ನಾಗಿರುತ್ತದೆ.

ಆ ಮುಂಜಾನೆ ಅಣ್ಣ ಸ್ನಾನ ಮಾಡಿ ಬಂದವನೇ ಹೇಳಿದ: "ಬೋನು ಹಿತ್ತಲಕ್ಕ ಒಯ್ದಿಡು. ಕರದು ಎಡಿ ಹಾಕಿ, ಮಗ್ಗಲದಾಗ ಬೋನು ಇಡೂದು ಚೊಲೋ ಅಲ್ಲ."

"ಅಣ್ಣಾ, ಅದು ನಿನ್ನ ಕಾಲು ಕಡದೈತಿ."

"ಕಾಲು ಕಡದೈತಿ, ಖರೆ. ಬಟ್ಟಿ ಮುಟ್ಟೈತೇನು? ಇಷ್ಟ ವರ್ಷದಾಗ ಒಬ್ಬರ ಬಟ್ಟಿ ಹೋಗಿಲ್ಲ ನನ್ನ ಅಂಗಡ್ಯಾಗ. ಬಟ್ಟಿ ಕಡೀಬ್ಯಾಡ ಅಂತ ಕೈ ಮುಗದಿದ್ದೆ, ಅದು ಮಾತು ಉಳಿಸ್ಕೊಂಡೈತಿ. ಕಾಲಿನ ಮಾತು ನಾನ ತಗದಿದ್ದಿಲ್ಲ."

ನಗುತ್ತಾನೇನೋ ಎಂದು ಮುಖ ನೋಡಿದೆ. ನಗುತ್ತಿರಲಿಲ್ಲ.

"ಹಂಗಾದ್ರ ಈ ಸಲ ಕಾಲಿನ ಮಾತೂ ತಗೀರಿ" ಎಂದಳು ವೈನಿ. ಅವನು ಕೇಳಿಸದವನಂತೆ ಮಶೀನಿಗೆ ಕುಂಕುಮ ಹಚ್ಚಿದ. ಮಶೀನಿನ ಬುಡದಲ್ಲಿ ಕಡಬು ಇಟ್ಟು, ಕಣ್ಣು ಮುಚ್ಚಿ, ಪ್ರತಿ ವರ್ಷದ ಮಾತನ್ನೇ ಹೇಳಿದ. ನನಗೆ ಸಿಟ್ಟು ಬಂತು, ಇಲಿಯ ಮೇಲಲ್ಲ, ಅವನ ಮೇಲೆ. ಆದರೂ ಬೋನು ಒಯ್ದು ಹಿತ್ತಲಲ್ಲಿಟ್ಟೆ. ಹಿರಿಯಣ್ಣನ ಮುಂದೆ ನನ್ನ ಸಂಸ್ಕೃತ ನಡೆಯುವುದಿಲ್ಲ.

ರಾತ್ರಿ ಅಣ್ಣ ಕಾಲುಚೀಲ ಹಾಕಿಕೊಳ್ಳುವಾಗ ಬಲಗಾಲಿನದರ ತುದಿಯಲ್ಲಿ ಹೊಲಿಗೆ ಬಿಚ್ಚಿದ್ದು ವೈನಿಗೆ ಕಂಡಿತು.

"ಕೈಸೂಜಿಲೆ ಎರಡ ಹೊಲಿಗಿ ಹಾಕ್ತೀನಿ, ಕೊಡ್ರಿ."

"ಇವತ್ತ ಸೂಜಿ ಮುಟ್ಟಬ್ಯಾಡ. ನಾಳೆ ಎದ್ದ ಕೂಡ್ಲೆ ನಾನ ಹಾಕ್ತೀನಿ."

ವೈನಿ ಬಿಚ್ಚಿದ ತುದಿಯನ್ನು ಒಳಕ್ಕೆ ಮಡಚಿದಳು.

ಮುಂಜಾನೆ ಅವಳು ಕೂಗಿದ್ದು ಓಣಿಗೆಲ್ಲ ಕೇಳಿಸಿತು. ಮಡಿಕೆ ಬಿಚ್ಚಿಕೊಂಡಿತ್ತು. ಆ ಸಂದಿಯಲ್ಲಿ ಬೆರಳುಗಳು ಇದ್ದ ಜಾಗವನ್ನು ನಾನು ವರ್ಣಿಸಲಾರೆ. ವೈನಿ ಅಳುತ್ತ ಕಾಲಿಗೆ ಬಟ್ಟೆ ಸುತ್ತುತ್ತಿದ್ದಾಗ ಅಣ್ಣ ಕಾಲುಚೀಲವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಹೊಲಿಗೆ ಬಿಚ್ಚಿದ್ದು ಬಿಟ್ಟರೆ ಬಟ್ಟೆಯ ಒಂದು ಎಳೆಯೂ ಕಡಿದಿರಲಿಲ್ಲ. ಅದನ್ನು ಅವನು ನನಗೆ ತೋರಿಸಿದ. ನಾನು ಮುಖ ತಿರುಗಿಸಿದೆ.

ನಂಜು ಏರಿತು. ಬೆರಳು ತೆಗೆದರು, ಪಾದ ತೆಗೆದರು, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಿದರು. ಆಸ್ಪತ್ರೆಯಿಂದ ಬಂದ ಮೇಲೆ ಅಣ್ಣ ಮಶೀನಿಗೆ ಮೋಟರ್ ಕೂಡಿಸಿಕೊಂಡ. ಕರೆಂಟ್ ಇದ್ದಾಗ ಮೋಟರ್ ಓಡುತ್ತದೆ. ಕರೆಂಟ್ ಹೋದಾಗ, ಅಂದರೆ ಹೆಚ್ಚಿನ ಹೊತ್ತು, ಎಡಗಾಲೊಂದರಿಂದಲೇ ತುಳಿಯುತ್ತಾನೆ. ಕುಪ್ಪಸ ಹೊಲಿಸಲು ಬಂದ ಹೆಂಗಸರು ಮೊದಮೊದಲು ಆ ಕಡೆ ನೋಡದೆ ಮಾತಾಡುತ್ತಿದ್ದರು. ಈಗ ಅವರಿಗೂ ರೂಢಿಯಾಗಿದೆ.

ಮುಂದಿನ ಇಲಿವಾರಕ್ಕೆ ಅಣ್ಣ ಮತ್ತೆ ಬೋನು ತೆಗೆಸಿದ. ಎಂದಿನಂತೆ ಕಡಬು ಇಡಿಸಿದ. ವೈನಿ ಬಾಗಿಲಲ್ಲಿ ನಿಂತು, "ಉಳಿದ ಒಂದು ಕಾಲಿನ ಸಲುವಾಗಿ ಆದ್ರೂ ಬೇಡ್ಕೋರಿ, ನಿಮಗ ಕೈ ಮುಗಿತೀನಿ" ಎಂದಳು.

"ಬಟ್ಟಿ ಜನರದು" ಎಂದ ಅಣ್ಣ. "ಅದರ ಸಲುವಾಗಿ ಬೇಡೂ ಹಕ್ಕ ನನಗೈತಿ. ಕಾಲು ನಂದು. ನಂದರ ಸಲುವಾಗಿ ಅದನ್ನ ಹೆಂಗ ಕೇಳಲಿ?"

ಅವನದು ದೊಡ್ಡತನವೋ ಮೊಂಡುತನವೋ ಇಂದಿಗೂ ನಿರ್ಧಾರವಾಗಿಲ್ಲ, ಎರಡರಲ್ಲಿ ಯಾವುದಾದರೂ ಹೋದದ್ದು ಅದೇ ಕಾಲು. ಬ್ಯಾಡಗಿಯ ಬೋನಿಗೆ ತುಕ್ಕು ಹಿಡಿದಿದೆ. ವರ್ಷವೆಲ್ಲ ಅದನ್ನು ಮಶೀನಿನ ಕೆಳಗೆ ಇಡುತ್ತೇನೆ, ಒಂದು ದಿನ ಮಾತ್ರ ಹಿತ್ತಲಿಗೆ ಒಯ್ಯುತ್ತೇನೆ. ಒಯ್ದು ಬಂದು, ಕಣ್ಣು ಮುಚ್ಚಿ ಕುಳಿತ ಅಣ್ಣನ ಹಿಂದೆ ನಿಂತು, ಶಾಲೆಯಲ್ಲಿ ಇದನ್ನೆಲ್ಲ ಮೂಢನಂಬಿಕೆ ಎನ್ನುವ ನಾನು ಕಡಬಿನ ತಟ್ಟೆಗೆ ಕೈ ಮುಗಿಯುತ್ತೇನೆ. ಎಡಗಾಲು ಎನ್ನುತ್ತೇನೆ ಮನಸ್ಸಿನಲ್ಲೇ. ಹಿಮ್ಮಡಿ, ಅಂಗಾಲು, ಹೆಬ್ಬೆರಳು, ಕಿರುಬೆರಳು ಎಂದು ಒಂದೊಂದನ್ನೂ ಬಿಡಿಸಿ ಹೇಳುತ್ತೇನೆ. ಕೊಟ್ಟ ಮಾತು ಉಳಿಸಿಕೊಳ್ಳುವವರ ಹತ್ತಿರ ಯಾವುದನ್ನೂ ಹೇಳದೆ ಬಿಡಬಾರದು.